ನಾಟಕವನ್ನೂ ಅದರ ಹಾಡಿನ ಸಿನಿಮಾವನ್ನೂ ಹೋಲಿಸುವುದು ಹೇಗೆ: ‘ಪಿಗ್ಮೇಲಿಯನ್’ ಮತ್ತು ‘ಮೈ ಫೇರ್ ಲೇಡಿ’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ನಾಟಕ ಓದಿ, ಅದರಿಂದ ಬಂದ ಹಾಡಿನ ಸಿನಿಮಾ ನೋಡಿ, ಎರಡನ್ನೂ ಹೋಲಿಸಿ ಬರೆಯಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ‘ನಾಟಕದಲ್ಲಿ ಇದು ಇದೆ, ಸಿನಿಮಾದಲ್ಲಿ ಇಲ್ಲ. ಸಿನಿಮಾದಲ್ಲಿ ಹಾಡಿದೆ, ನಾಟಕದಲ್ಲಿ ಇಲ್ಲ’ ಅಂತ ಪುಟಗಟ್ಟಲೆ ಬರೆದು, ಕೊನೆಗೆ ‘ಆದರೂ ಮೂಲವೇ ಚೆನ್ನ’ ಎಂದು ಮುಗಿಸುತ್ತಾರೆ. ಅದು ಬರೀ ಪಟ್ಟಿ. ಒಂದು ಬದಲಾವಣೆ ಕಂಡಾಗ ಎರಡು ಪ್ರಶ್ನೆ ಕೇಳಬೇಕು. ನಾಟಕದಲ್ಲಿ ಈ ಜಾಗ ಯಾವ ಕೆಲಸ ಮಾಡುತ್ತಿತ್ತು? ಸಿನಿಮಾದಲ್ಲಿ ಅದೇ ಕೆಲಸವನ್ನು ಈಗ ಯಾವುದು ಮಾಡುತ್ತಿದೆ? ಹೋಲಿಕೆ ಶುರುವಾಗುವುದೇ ಅಲ್ಲಿಂದ.

ಉದಾಹರಣೆಗೆ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವನ್ನೂ ಅದರ ಮೇಲೆ ನಿಂತ 1964ರ ‘ಮೈ ಫೇರ್ ಲೇಡಿ’ ಸಿನಿಮಾವನ್ನೂ ತೆಗೆದುಕೊಂಡಿದ್ದೇನೆ. ಕಥೆ ಸರಳ. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಎಲೈಜಾಗೆ ಉಚ್ಚಾರಣೆಯ ಪಂಡಿತ ಹಿಗಿನ್ಸ್ ದೊಡ್ಡಮನೆಯವರ ಇಂಗ್ಲಿಷ್ ಕಲಿಸುತ್ತಾನೆ. ರಾಯಭಾರಿಯ ಮನೆಯ ಸಮಾರಂಭದಲ್ಲಿ ಅವಳನ್ನು ದೊಡ್ಡಮನೆಯವಳೆಂದು ನಂಬಿಸಬಹುದಾ ಅನ್ನುವುದು ಅವನಿಗೂ ಸ್ನೇಹಿತ ಪಿಕರಿಂಗ್‌ಗೂ ನಡುವಿನ ಪಂದ್ಯ. ಪಂದ್ಯ ಗೆದ್ದ ಮೇಲೆ ಅವಳ ಗತಿ ಏನು ಅನ್ನುವುದೇ ನಾಟಕದ ಪ್ರಶ್ನೆ.

ಏನೇನು ಬೇಕು

ನಾಟಕದ ಪುಸ್ತಕ, ಸಿನಿಮಾದ ಪೂರ್ತಿ ಪ್ರತಿ, ಒಳ್ಳೆಯ ಇಯರ್‌ಫೋನ್, ಎರಡು ಬಣ್ಣದ ಪೆನ್ನು, ಉದ್ದನೆಯ ಹಾಳೆಗಳು. ಸಿನಿಮಾ 170 ನಿಮಿಷದ್ದು. ಯೂಟ್ಯೂಬಿನಲ್ಲಿ ಸಿಗುವ ಬಿಡಿ ಹಾಡುಗಳನ್ನು ನೋಡಿ ಕೆಲಸ ಮುಗಿಸಲು ಆಗುವುದಿಲ್ಲ. ಹಾಡಿನ ಹಿಂದಿನ ಮಾತು, ಹಾಡು ಮುಗಿದ ತಕ್ಷಣದ ಮಾತು ಎರಡೂ ಕಣ್ಣ ಮುಂದೆ ಇರಬೇಕು.

ಇಯರ್‌ಫೋನ್ ಸುಮ್ನೆ ಹೇಳಿದ್ದಲ್ಲ. ಈ ಕಥೆಯ ಜೀವವೇ ಉಚ್ಚಾರಣೆ. ಸಬ್‌ಟೈಟಲ್ ಎಲೈಜಾಳ ಬೀದಿಯ ಇಂಗ್ಲಿಷನ್ನು ಎಷ್ಟೋ ಸಲ ತಿದ್ದಿ, ನುಣುಪು ಮಾಡಿ ತೋರಿಸುತ್ತದೆ. ಅರ್ಥಕ್ಕೆ ಸಬ್‌ಟೈಟಲ್ ನೋಡಿ, ಉಚ್ಚಾರಣೆಗೆ ಕಿವಿ ಕೊಡಿ.

ಹಂತ 1: ಕೈಯಲ್ಲಿರುವ ಪುಸ್ತಕ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ. ‘ಪಿಗ್ಮೇಲಿಯನ್’ ಒಂದೇ ಪಠ್ಯವಲ್ಲ. ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ. ಲಂಡನ್ನಿನಲ್ಲಿ ಆಡಿದ್ದು 1914ರ ಏಪ್ರಿಲ್‌ನಲ್ಲಿ. 1916ರಲ್ಲಿ ಪುಸ್ತಕವಾದಾಗ ಷಾ ಮುನ್ನುಡಿಯನ್ನೂ ಕೊನೆಯಲ್ಲಿ ಒಂದು ಉದ್ದನೆಯ ಗದ್ಯ ಭಾಗವನ್ನೂ ಸೇರಿಸಿದರು. 1938ರಲ್ಲಿ ಅದೇ ನಾಟಕ ಹಾಡಿಲ್ಲದ ಸಿನಿಮಾ ಆಯಿತು. ಅದಾದ ಮೇಲೆ, 1941ರ ಪುಸ್ತಕದಲ್ಲಿ ಷಾ ಸಿನಿಮಾಕ್ಕೆಂದು ಬರೆದ ದೃಶ್ಯಗಳನ್ನೂ ನಾಟಕದೊಳಗೆ ಸೇರಿಸಿಕೊಂಡರು.

ಗುರುತಿಸುವುದು ಹೀಗೆ. ಪುಸ್ತಕದಲ್ಲಿ ರಾಯಭಾರಿಯ ಮನೆಯ ಸಮಾರಂಭ ದೃಶ್ಯವಾಗಿ ಇದ್ದು, ಅಲ್ಲಿ ನೆಪೊಮಕ್ ಅನ್ನುವ ಹೆಸರಿನವನು ಬಂದರೆ ಅದು ನಂತರದ ಪಠ್ಯ. ಸಮಾರಂಭ ತೆರೆಯ ಹಿಂದೆಯೇ ಮುಗಿದು, ನಾಲ್ಕನೇ ಅಂಕ ಮಧ್ಯರಾತ್ರಿಯ ದಣಿವಿನಿಂದ ಶುರುವಾದರೆ ಅದು ಹಳೆಯ ಪಠ್ಯ.

ಇದು ಏಕೆ ಮುಖ್ಯ ಅಂದರೆ, 1941ರ ಪಠ್ಯ ಹಿಡಿದು ‘ಸಮಾರಂಭದ ದೃಶ್ಯ ನಾಟಕದಲ್ಲೂ ಇದೆ, ಸಿನಿಮಾದಲ್ಲೂ ಇದೆ’ ಅಂತ ಬರೆದರೆ ಹೋಲಿಕೆಯ ದೊಡ್ಡ ಅಂಶವೇ ಕೈತಪ್ಪುತ್ತದೆ. ಮೊದಲ ಸಾಲಿನಲ್ಲೇ ಯಾವ ಪಠ್ಯ ಬಳಸಿದ್ದೀರಿ ಅಂತ ಬರೆದುಬಿಡಿ. ಈ ಲೇಖನದಲ್ಲಿ ‘ನಾಟಕ’ ಅಂದರೆ ಹಳೆಯ ಪಠ್ಯ.

ಹಂತ 2: ನಡುವಿನ ಕೊಂಡಿಗಳನ್ನು ಬರೆದುಕೊಳ್ಳಿ

ನಾಟಕದಿಂದ ಹಾಡಿನ ಸಿನಿಮಾಕ್ಕೆ ನೇರ ಜಿಗಿತ ಅಪರೂಪ. ಇಲ್ಲಿ ನಾಲ್ಕು ಮೆಟ್ಟಿಲಿವೆ: ಷಾ ಅವರ ನಾಟಕ, 1938ರ ಸಿನಿಮಾ, 1956ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ ಸಂಗೀತ ನಾಟಕ, 1964ರ ಸಿನಿಮಾ. ಸಂಗೀತ ನಾಟಕದ ಮಾತು ಮತ್ತು ಹಾಡಿನ ಸಾಹಿತ್ಯ ಅಲನ್ ಜೇ ಲರ್ನರ್ ಅವರದು, ಸಂಗೀತ ಫ್ರೆಡರಿಕ್ ಲೋ ಅವರದು. 1964ರ ಸಿನಿಮಾದ ನಿರ್ದೇಶಕರು ಜಾರ್ಜ್ ಕ್ಯೂಕರ್.

ನಿಮ್ಮ ಹಾಳೆಯಲ್ಲಿ ಒಂದು ಕಾಲಂಗೆ ‘ಮೊದಲು ಮಾಡಿದ್ದು ಯಾರು’ ಅಂತ ಹೆಸರಿಡಿ. ಪ್ರತಿ ಬದಲಾವಣೆಯ ಮುಂದೆ ಆ ಮೆಟ್ಟಿಲಿನ ವರ್ಷ ಹಾಕಿ. ‘ದಿ ರೈನ್ ಇನ್ ಸ್ಪೇನ್’ ಎಂಬ ಉಚ್ಚಾರಣೆಯ ಪಾಠದ ಸಾಲು ಹಾಡಿನವರು ಹುಟ್ಟಿಸಿದ್ದು ಅಂತ ಎಷ್ಟೋ ಜನ ಬರೆಯುತ್ತಾರೆ. ಅದು ನಾಟಕದಲ್ಲಿಲ್ಲ, ನಿಜ. ಆದರೆ 1938ರ ಸಿನಿಮಾದಲ್ಲಿ ಆಗಲೇ ಇದೆ. ಲರ್ನರ್ ಮತ್ತು ಲೋ ಅದನ್ನು ಹಾಡಾಗಿಸಿದರು. ಕ್ಯೂಕರ್ ಅವರನ್ನು ಹೊಗಳುವ ಮೊದಲು, ಲರ್ನರ್ ಅವರನ್ನು ಬೈಯುವ ಮೊದಲು, ಈ ಕಾಲಂ ನೋಡಿ. 1938ರ ಸಿನಿಮಾವನ್ನು ಒಂದು ಸಲವಾದರೂ ನೋಡಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಹಂತ 3: ನಾಟಕ ಮೊದಲು, ಸಿನಿಮಾ ಆಮೇಲೆ

ಈ ಕ್ರಮ ತಿರುಗಿಸಬೇಡಿ. ಸಿನಿಮಾ ಮೊದಲು ನೋಡಿದರೆ ಹಿಗಿನ್ಸ್ ಮಾತಾಡಿದಾಗಲೆಲ್ಲ ರೆಕ್ಸ್ ಹ್ಯಾರಿಸನ್ ಧ್ವನಿಯೇ ಕೇಳುತ್ತದೆ, ಎಲೈಜಾ ಅಂದರೆ ಆಡ್ರಿ ಹೆಪ್‌ಬರ್ನ್ ಮುಖವೇ ಕಾಣುತ್ತದೆ. ಆಗಲೇ ನೋಡಿಬಿಟ್ಟಿದ್ದರೆ, ನಾಟಕವನ್ನು ಗಟ್ಟಿಯಾಗಿ ಓದಿ. ಮನೆಯಲ್ಲಿ ಇನ್ನೊಬ್ಬರು ಸಿಕ್ಕರೆ ಪಾತ್ರ ಹಂಚಿಕೊಂಡು ಓದಿ. ನಿಮ್ಮದೇ ಧ್ವನಿ ಬಂದರೆ ನಟರ ಧ್ವನಿ ಹಿಂದೆ ಸರಿಯುತ್ತದೆ.

ಓದುವಾಗ ಒಂದು ಬಣ್ಣದಲ್ಲಿ ರಂಗದ ಮೇಲೆ ನಡೆಯುವುದನ್ನು ಗುರುತಿಸಿ. ಇನ್ನೊಂದು ಬಣ್ಣದಲ್ಲಿ, ನಡೆದಿದೆ ಅಂತ ಬರೀ ಮಾತಿನಲ್ಲಿ ಗೊತ್ತಾಗುವುದನ್ನು ಗುರುತಿಸಿ. ‘ಪಿಗ್ಮೇಲಿಯನ್’ನಲ್ಲಿ ಎರಡನೇ ಬಣ್ಣ ಎಲ್ಲೆಲ್ಲಿ ಬೀಳುತ್ತದೆ ನೋಡಿ. ಎಲೈಜಾ ಕಲಿಯುವುದು ಕಾಣುವುದಿಲ್ಲ. ಎರಡನೇ ಅಂಕದಲ್ಲಿ ಅವಳು ಕಲಿಯಲು ಬರುತ್ತಾಳೆ, ಮೂರನೇ ಅಂಕದಲ್ಲಿ ಅರ್ಧ ಕಲಿತವಳಾಗಿ ಹಿಗಿನ್ಸ್‌ನ ತಾಯಿಯ ಮನೆಗೆ ಬರುತ್ತಾಳೆ. ಅವಳು ಗೆಲ್ಲುವುದೂ ಕಾಣುವುದಿಲ್ಲ. ಕಾಣುವುದು ಗೆದ್ದು ಬಂದ ಮೇಲಿನ ಸುಸ್ತು. ಷಾಗೆ ಪಾಠದಲ್ಲೂ ಸಮಾರಂಭದಲ್ಲೂ ಆಸಕ್ತಿ ಇಲ್ಲ. ಅವೆರಡರ ಬೆಲೆ ಯಾರು ತೆರುತ್ತಾರೆ ಅನ್ನುವುದರಲ್ಲಿ ಆಸಕ್ತಿ.

ಇನ್ನೊಂದು ಎಚ್ಚರ. ಮುನ್ನುಡಿಯೂ ಕೊನೆಯ ಗದ್ಯ ಭಾಗವೂ ರಂಗದ ಮೇಲೆ ಬರುವುದಿಲ್ಲ. ಎಲೈಜಾ ತನಗೆ ಮರುಳಾದ ಯುವಕ ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳು ಅನ್ನುವುದು ಆ ಗದ್ಯದಲ್ಲಿರುವ ಮಾತು. ಅದನ್ನು ‘ನಾಟಕದ ಕೊನೆಯಲ್ಲಿ ಹೀಗಾಗುತ್ತದೆ’ ಅಂತ ಬರೆದರೆ ತಪ್ಪು.

ಹಂತ 4: ಸಿನಿಮಾ ಎರಡು ಸಲ ನೋಡಿ

ಮೊದಲ ಸಲ ಪೆನ್ನು ಕೆಳಗಿಟ್ಟು, ಪ್ರೇಕ್ಷಕರಾಗಿ ನೋಡಿ. ಎಲ್ಲಿ ಖುಷಿಯಾಯಿತು, ಎಲ್ಲಿ ಕಿರಿಕಿರಿಯಾಯಿತು ಅಂತ ಮುಗಿದ ಮೇಲೆ ನೆನಪಿನಿಂದ ಬರೆಯಿರಿ. ಎರಡನೇ ಸಲ ಪುಸ್ತಕ ತೆರೆದಿಟ್ಟು, ನಿಲ್ಲಿಸಿ ನಿಲ್ಲಿಸಿ ನೋಡಿ. ಷಾ ಬರೆದ ಮಾತು ಎಷ್ಟು ಹಾಗೇ ಉಳಿದಿದೆ ಅಂತ ಆಗ ಆಶ್ಚರ್ಯವಾಗುತ್ತದೆ.

ಹಂತ 5: ದೃಶ್ಯಗಳನ್ನು ಎದುರುಬದುರು ಕೂರಿಸಿ

ಹಾಳೆಯ ಎಡಕ್ಕೆ ನಾಟಕದ ಐದು ಅಂಕ, ಬಲಕ್ಕೆ ಸಿನಿಮಾದ ದೃಶ್ಯಗಳು. ಉಳಿದದ್ದಕ್ಕೆ ಗೆರೆ ಎಳೆಯಿರಿ, ಜಾಗ ಬದಲಾದದ್ದಕ್ಕೆ ಬಾಣ ಹಾಕಿ, ಹೊಸದಕ್ಕೆ ಸುತ್ತು ಹಾಕಿ.

ಬಾಣಗಳೇ ಹೆಚ್ಚು ಕಲಿಸುತ್ತವೆ. ಮೂರನೇ ಅಂಕ ನೋಡಿ. ನಾಟಕದಲ್ಲಿ ಅದು ಮಿಸೆಸ್ ಹಿಗಿನ್ಸ್ ಮನೆಯ ಬೈಠಕ್. ಎಲೈಜಾ ಅಪ್ಪಟ ಉಚ್ಚಾರಣೆಯಲ್ಲಿ, ತನ್ನ ಚಿಕ್ಕಮ್ಮನನ್ನು ಯಾರೋ ಮುಗಿಸಿಬಿಟ್ಟರು ಅನ್ನುವ ಬೀದಿ ಸುದ್ದಿ ಹೇಳುತ್ತಾಳೆ. ಹೊರಡುವಾಗ ‘ನಾಟ್ ಬ್ಲಡಿ ಲೈಕ್ಲಿ’ ಅಂದುಬಿಡುತ್ತಾಳೆ. 1914ರ ಲಂಡನ್ ರಂಗದ ಮೇಲೆ ಆ ಬೈಗುಳ ದೊಡ್ಡ ಸುದ್ದಿಯಾಯಿತು. ಸಿನಿಮಾದಲ್ಲಿ ಇದೇ ದೃಶ್ಯ ಆಸ್ಕಾಟ್ ಕುದುರೆ ರೇಸಿಗೆ ಹೋಗಿದೆ. ಚಿಕ್ಕಮ್ಮನ ಕಥೆ ಹಾಗೇ ಇದೆ. ಬೈಗುಳದ ಜಾಗದಲ್ಲಿ ಎಲೈಜಾ ತಾನು ಪಣ ಕಟ್ಟಿದ ಕುದುರೆಗೆ ಒರಟಾಗಿ ಕೂಗಿಬಿಡುತ್ತಾಳೆ.

ಇದನ್ನು ‘ಜಾಗ ಬದಲಾಗಿದೆ’ ಅಂತ ಒಂದು ಸಾಲಿನಲ್ಲಿ ಬಿಡಬೇಡಿ. ಕೆಲಸ ಅದೇ: ಕಲಿತ ಉಚ್ಚಾರಣೆಯ ಒಳಗಿಂದ ಕಲಿಯದ ಎಲೈಜಾ ಹೊರಗೆ ಬರಬೇಕು, ನೋಡುವವರು ಬೆಚ್ಚಿಬೀಳಬೇಕು. ಹಳೆಯ ಬೈಗುಳದ ಖಾರ ಅಷ್ಟು ಹೊತ್ತಿಗೆ ಇಳಿದುಹೋಗಿತ್ತು. ಅದಕ್ಕೇ ಹೊಸದು ಬೇಕಾಯಿತು. ಜೊತೆಗೆ ‘ಆಸ್ಕಾಟ್ ಗಾವಟ್’ ಹಾಡಿನಲ್ಲಿ ಕಪ್ಪು, ಬಿಳಿ, ಬೂದು ಬಟ್ಟೆಯ ಜನ ಕಲ್ಲಿನ ಹಾಗೆ ನಿಂತು, ರೇಸು ಎಷ್ಟು ರೋಮಾಂಚನ ಅಂತ ಹಾಡುತ್ತಾರೆ. ಮುಖದಲ್ಲಿ ಏನೂ ಇಲ್ಲ. ಆಮೇಲೆ ಎಲೈಜಾ ಕೂಗಿದಾಗ, ಆ ಇಡೀ ಜಾಗದಲ್ಲಿ ನಿಜವಾಗಿ ರೇಸು ನೋಡುತ್ತಿದ್ದವಳು ಅವಳೊಬ್ಬಳೇ ಅಂತ ಗೊತ್ತಾಗುತ್ತದೆ. ನಾಟಕದ ಬೈಠಕ್ಕಿನಲ್ಲಿ ಈ ಅರ್ಥ ಇಲ್ಲ. ಸಿನಿಮಾ ಗಳಿಸಿದ್ದು ಇದು. ಗಳಿಸಿದ್ದನ್ನೂ ಬರೆಯಬೇಕು, ಅಲ್ವಾ?

ಹಂತ 6: ಪ್ರತಿ ಹಾಡನ್ನೂ ‘ನಿನ್ನ ಕೆಲಸ ಏನು’ ಅಂತ ಕೇಳಿ

ಇಡೀ ಹೋಲಿಕೆ ನಿಲ್ಲುವುದೋ ಬೀಳುವುದೋ ಇಲ್ಲಿ. ಅದಕ್ಕೆ ಹೆಚ್ಚು ಸಮಯ ಕೊಡಿ. ಹಾಡುಗಳನ್ನು ಕ್ರಮವಾಗಿ ಬರೆದು, ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಉತ್ತರ ಬರೆಯಿರಿ. ನಾಟಕದ ಮಾತೇ ಹಾಡಾಗಿದೆಯಾ? ನಾಟಕ ಮುಚ್ಚಿಟ್ಟದ್ದನ್ನು ಹಾಡು ತೋರಿಸುತ್ತಿದೆಯಾ? ನಾಟಕದಲ್ಲಿ ಇಲ್ಲದ ಹೊಸ ಭಾವ ತರುತ್ತಿದೆಯಾ?

ಮೊದಲ ಬಗೆಗೆ ಉದಾಹರಣೆ, ‘ವೈ ಕಾಂಟ್ ದಿ ಇಂಗ್ಲಿಷ್’. ಜನ ತಮ್ಮ ಭಾಷೆಯನ್ನೇ ಸರಿಯಾಗಿ ಆಡುವುದಿಲ್ಲ ಅನ್ನುವ ಷಾ ಅವರ ದೂರು ಮುನ್ನುಡಿಯಲ್ಲೂ ಇದೆ, ಮೊದಲ ಅಂಕದ ಹಿಗಿನ್ಸ್ ಬಾಯಲ್ಲೂ ಇದೆ. ಹಾಡು ಅದನ್ನು ಒಂದು ಕಡೆ ಕಟ್ಟಿಕೊಡುತ್ತದೆ. ಇಂಥ ಹಾಡುಗಳ ಬಗ್ಗೆ ಜಾಸ್ತಿ ಬರೆಯುವ ಅಗತ್ಯ ಇಲ್ಲ.

ಎರಡನೇ ಬಗೆಗೆ ‘ದಿ ರೈನ್ ಇನ್ ಸ್ಪೇನ್’. ನಡುರಾತ್ರಿ ದಾಟಿದೆ, ಮೂವರೂ ಸೋತಿದ್ದಾರೆ, ಹಿಗಿನ್ಸ್ ತಲೆಯ ಮೇಲೆ ಐಸ್ ಚೀಲ. ಎಲೈಜಾ ಬಾಯಲ್ಲಿ ಇದ್ದಕ್ಕಿದ್ದಂತೆ ಸಾಲು ಸರಿಯಾಗಿ ಬರುತ್ತದೆ. ಮೂವರೂ ಕುಣಿಯುತ್ತಾರೆ. ಅದಾದ ಮೇಲೆ ಎಲೈಜಾ ಒಬ್ಬಳೇ ‘ಐ ಕುಡ್ ಹ್ಯಾವ್ ಡಾನ್ಸ್ಡ್ ಆಲ್ ನೈಟ್’ ಹಾಡುತ್ತಾಳೆ. ನಾಟಕ ಅಂಕಗಳ ನಡುವೆ ಬಿಟ್ಟ ಖಾಲಿ ಜಾಗ ಇಲ್ಲಿ ಸಿನಿಮಾದ ಹೃದಯವಾಗಿದೆ. ಪರಿಣಾಮ ಏನು? ನಾಟಕದಲ್ಲಿ ಎಲೈಜಾ, ಹಿಗಿನ್ಸ್ ಇಬ್ಬರ ಸಂಬಂಧ ಕೆಲಸದ್ದು. ಸಿನಿಮಾದಲ್ಲಿ ಅವರು ಒಟ್ಟಿಗೆ ಗೆದ್ದಿದ್ದಾರೆ, ಕೈಹಿಡಿದು ಕುಣಿದಿದ್ದಾರೆ. ಇಲ್ಲಿಂದಾಚೆ ಪ್ರೇಕ್ಷಕರು ಪ್ರೀತಿಗಾಗಿ ಕಾಯುತ್ತಾರೆ. ಕೊನೆಯ ದೃಶ್ಯ ಏಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಇಲ್ಲೇ ಬಿತ್ತನೆಯಾಗಿದೆ.

ಮೂರನೇ ಬಗೆಗೆ ‘ವುಡನ್ಟ್ ಇಟ್ ಬಿ ಲವರ್ಲಿ’. ನಾಟಕದ ಎರಡನೇ ಅಂಕದಲ್ಲಿ ಎಲೈಜಾ ತನ್ನ ಆಸೆ ನೇರವಾಗಿ ಹೇಳುತ್ತಾಳೆ: ಬೀದಿಯಲ್ಲಿ ಮಾರುವುದು ಬಿಟ್ಟು ಹೂವಿನ ಅಂಗಡಿಯಲ್ಲಿ ಕೆಲಸ ಮಾಡಬೇಕು, ಅದಕ್ಕೆ ಭಾಷೆ ಬೇಕು, ಪಾಠಕ್ಕೆ ದುಡ್ಡು ಕೊಡುತ್ತೇನೆ. ಸಿನಿಮಾದಲ್ಲೂ ಈ ಮಾತಿದೆ. ಆದರೆ ಅದಕ್ಕೆ ಮೊದಲೇ ಅವಳು ಬೆಚ್ಚಗಿನ ಕೋಣೆ, ಕುರ್ಚಿ, ಚಾಕೊಲೇಟು, ಕೊನೆಗೆ ತನ್ನನ್ನು ನೋಡಿಕೊಳ್ಳುವ ಒಬ್ಬ ಮೃದು ಮನಸ್ಸಿನವನು ಬೇಕು ಅಂತ ಹಾಡಿದ್ದಾಳೆ. ಅಂದರೆ ನಾಟಕದ ಎಲೈಜಾಗೆ ಬೇಕಾದದ್ದು ದುಡಿಮೆ. ಸಿನಿಮಾದ ಎಲೈಜಾಗೆ ದುಡಿಮೆಯ ಜೊತೆ ಆಸರೆ. ಈ ಒಂದು ವ್ಯತ್ಯಾಸ ಇಟ್ಟುಕೊಂಡೇ ಇಡೀ ಪ್ರಬಂಧ ಬರೆಯಬಹುದು.

ಮೂರು ಬಗೆಯಲ್ಲೂ ಕೂರದ ಹಾಡು ಸಿಕ್ಕರೆ ಬಿಡಬೇಡಿ, ಅದೇ ಚಿನ್ನ. ‘ಯು ಡಿಡ್ ಇಟ್’ ಅಂಥದ್ದು. ನಾಟಕದ ನಾಲ್ಕನೇ ಅಂಕದಲ್ಲಿ ಹಿಗಿನ್ಸ್‌ಗೂ ಪಿಕರಿಂಗ್‌ಗೂ ಬೇಸರ, ಆಕಳಿಕೆ. ಸದ್ಯ ಮುಗಿಯಿತಲ್ಲ ಅನ್ನುವ ಮಾತು. ಎಲೈಜಾ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ. ಹಾಡಿನಲ್ಲಿ ಬೇಸರದ ಬದಲು ಸಂಭ್ರಮ ಬಂದಿದೆ. ಪಿಕರಿಂಗ್ ಹೊಗಳುತ್ತಾನೆ, ಕೆಲಸದವರೂ ಸೇರಿ ಅಭಿನಂದಿಸುತ್ತಾರೆ. ಎಲ್ಲವೂ ಹಿಗಿನ್ಸ್‌ಗೆ. ಎಲೈಜಾ ಕಡೆ ಯಾರೂ ತಿರುಗುವುದಿಲ್ಲ. ಮೇಲುನೋಟಕ್ಕೆ ಭಾವ ಪೂರ್ತಿ ತಿರುಗುಮುರುಗು. ಆದರೆ ಕೆಲಸ ಅದೇ: ಅವಳನ್ನು ಇಲ್ಲವಾಗಿಸುವುದು. ಅದರ ಬೆನ್ನಿಗೇ ಎರಡರಲ್ಲೂ ಎಲೈಜಾಳ ಕೈಯಿಂದ ಹಿಗಿನ್ಸ್ ಕಡೆ ಚಪ್ಪಲಿ ಹಾರುತ್ತದೆ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಷಾ ಅವರನ್ನು ಅತ್ಯಂತ ಚೆನ್ನಾಗಿ ಅರ್ಥಮಾಡಿಕೊಂಡ ಜಾಗ ಇದು.

ಯಾರು ಹೇಗೆ ಹಾಡುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ರೆಕ್ಸ್ ಹ್ಯಾರಿಸನ್ ಅರ್ಧ ಮಾತು, ಅರ್ಧ ಹಾಡು. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ, ಟೈ ಒಳಗೆ ಅಡಗಿಸಿದ ವೈರ್‌ಲೆಸ್ ಮೈಕಿನಲ್ಲಿ ಚಿತ್ರೀಕರಣದ ಸ್ಥಳದಲ್ಲೇ ಹಾಡಿದರು. ಮಾತನ್ನೇ ನಂಬಿದ ಪಾತ್ರ ಮಾತನ್ನು ಬಿಡುವುದೇ ಇಲ್ಲ. ಎಲೈಜಾಳ ಹಾಡುಗಳಲ್ಲಿ ಹೆಚ್ಚಿನವಕ್ಕೆ ಧ್ವನಿ ಕೊಟ್ಟವರು ಮಾರ್ನಿ ನಿಕ್ಸನ್. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದನ್ನು ಕೊರತೆ ಅಂತ ಬರೆದದ್ದು ಕಾಣುತ್ತದೆ. ಹಿನ್ನೆಲೆ ಗಾಯನ ಕೇಳಿಯೇ ಬೆಳೆದ ನಾವು ಆ ಮಾತನ್ನು ನಕಲು ಮಾಡಬೇಕಾಗಿಲ್ಲ. ಧ್ವನಿ ಪಾತ್ರಕ್ಕೆ ಹೊಂದುತ್ತದೆಯಾ ಅಂತ ನಿಮ್ಮ ಕಿವಿಯಿಂದಲೇ ತೀರ್ಮಾನಿಸಿ.

ಹಂತ 7: ಪಾತ್ರಗಳ ತೂಕ ನೋಡಿ

ಹಾಡು ಸಮಯ ತಿನ್ನುತ್ತದೆ. ಆ ಸಮಯ ಯಾರಿಂದ ಕಿತ್ತುಕೊಂಡದ್ದು ಅಂತ ಹುಡುಕಿ. ಫ್ರೆಡ್ಡಿಗೆ ನಾಟಕದಲ್ಲಿ ಮಾತೇ ಕಡಿಮೆ. ಸಿನಿಮಾದಲ್ಲಿ ಅವನಿಗೆ ‘ಆನ್ ದಿ ಸ್ಟ್ರೀಟ್ ವೇರ್ ಯು ಲಿವ್’ ಸಿಕ್ಕಿದೆ. ಅವನ ತಂಗಿ ಕ್ಲಾರಾ ಕಳೆದುಕೊಂಡಿದ್ದಾಳೆ. ನಾಟಕದಲ್ಲಿ ಅವಳು, ದುಡ್ಡಿಲ್ಲದೆ ಅಂತಸ್ತು ಮಾತ್ರ ಉಳಿಸಿಕೊಂಡ ಮನೆಯ ಹುಡುಗಿ. ಎಲೈಜಾಳ ಬೀದಿ ಮಾತನ್ನೇ ಹೊಸ ಫ್ಯಾಷನ್ ಅಂತ ನಂಬುವವಳು. ಅವಳು ಹೋದರೆ ಷಾ ಅವರ ಒಂದು ವಾದವೇ ಹೋಯಿತು.

ಎಲೈಜಾಳ ಅಪ್ಪ ಡೂಲಿಟಲ್ ಕೂಡ ಜಾಗ ಬದಲಿಸಿದ್ದಾನೆ. ಹಿಗಿನ್ಸ್‌ನ ಒಂದು ತಮಾಷೆಯ ಮಾತಿನಿಂದ ಇದ್ದಕ್ಕಿದ್ದಂತೆ ಹಣ ಬಂದು, ಮರ್ಯಾದಸ್ಥನಾಗಬೇಕಾದ ತನ್ನ ಗೋಳನ್ನು ಅವನು ನಾಟಕದಲ್ಲಿ ಮಿಸೆಸ್ ಹಿಗಿನ್ಸ್ ಮನೆಗೇ ಬಂದು ಹೇಳುತ್ತಾನೆ. ಸಿನಿಮಾದಲ್ಲಿ ಕೋವೆಂಟ್ ಗಾರ್ಡನ್ ಮಾರುಕಟ್ಟೆಯಲ್ಲಿ ಮಗಳ ಎದುರು ಹೇಳಿ, ಆಮೇಲೆ ‘ಗೆಟ್ ಮಿ ಟು ದಿ ಚರ್ಚ್ ಆನ್ ಟೈಮ್’ ಹಾಡುತ್ತಾನೆ. ನಾಟಕದಲ್ಲಿ ಅದು ಹಿಗಿನ್ಸ್ ಮೇಲಿನ ಆರೋಪ. ಸಿನಿಮಾದಲ್ಲಿ ಆರೋಪ ತೆಳುವಾಗಿ ಕುಣಿತ ಮುಂದೆ ಬರುತ್ತದೆ. ನನಗೆ ಇದು ನಷ್ಟ ಅನಿಸುತ್ತದೆ.

ಹಂತ 8: ಕೊನೆಯನ್ನು ಕೊನೆಗೇ ಇಡಿ

ಎಲ್ಲರೂ ಕೊನೆಯಿಂದಲೇ ಶುರುಮಾಡಿ ಕೆಡುತ್ತಾರೆ. ಹಿಂದಿನ ಏಳು ಹಂತ ಮುಗಿಯದೆ ಇದನ್ನು ಮುಟ್ಟಬೇಡಿ.

ಮೊದಲು ಏನಾಗುತ್ತದೆ ಅಂತ ಮಾತ್ರ ಬರೆಯಿರಿ. ನಾಟಕದಲ್ಲಿ ಎಲೈಜಾ ಅಪ್ಪನ ಮದುವೆಗೆ ಹೊರಡುತ್ತಾಳೆ. ಹಿಗಿನ್ಸ್ ಏನೂ ಆಗದವನಂತೆ ಗ್ಲೌಸು, ಟೈ ತಂದುಕೊಡಲು ಹೇಳುತ್ತಾನೆ. ಅವಳು ಹೋಗುತ್ತಾಳೆ. ಅವನು ಒಬ್ಬನೇ, ಅವಳು ಮಾಡಿಯೇ ಮಾಡುತ್ತಾಳೆ ಅನ್ನುವ ನಂಬಿಕೆಯಲ್ಲಿ ಉಳಿಯುತ್ತಾನೆ. ಸಿನಿಮಾದಲ್ಲಿ ಅವನು ‘ಐ ಹ್ಯಾವ್ ಗ್ರೋನ್ ಅಕಸ್ಟಮ್ಡ್ ಟು ಹರ್ ಫೇಸ್’ ಹಾಡುತ್ತಾ ಮನೆಗೆ ಬಂದು, ಮುದ್ರಿಸಿಟ್ಟ ಅವಳ ಹಳೆಯ ಧ್ವನಿ ಕೇಳುತ್ತಾ ಕೂರುತ್ತಾನೆ. ಅವಳು ಬಂದು ಯಂತ್ರ ನಿಲ್ಲಿಸಿ, ಅದೇ ಹಳೆಯ ಉಚ್ಚಾರಣೆಯಲ್ಲಿ ಮಾತು ಮುಂದುವರಿಸುತ್ತಾಳೆ. ಅವನು ತನ್ನ ಚಪ್ಪಲಿ ಎಲ್ಲಿ ಅಂತ ಕೇಳುತ್ತಾನೆ.

ಈಗ ‘ಮೊದಲು ಮಾಡಿದ್ದು ಯಾರು’ ಕಾಲಂ ತೆರೆಯಿರಿ. ಎಲೈಜಾ ಮರಳಿ ಬರುವ ಈ ಕೊನೆ 1938ರ ಸಿನಿಮಾದಲ್ಲೇ ಇತ್ತು. ಅದು ಷಾ ಬರೆದದ್ದಲ್ಲ, ಸಿನಿಮಾ ಮಾಡಿದವರು ಸೇರಿಸಿದ್ದು. ಅದಕ್ಕೂ ಮೊದಲು, 1914ರಲ್ಲಿ ಹಿಗಿನ್ಸ್ ಪಾತ್ರ ಮಾಡಿದ ಹರ್ಬರ್ಟ್ ಬೀರ್‌ಬೋಮ್ ಟ್ರೀ ತೆರೆ ಬೀಳುವ ಮುನ್ನ ಎಲೈಜಾ ಕಡೆ ಹೂವು ಎಸೆದು ಪ್ರೀತಿಯ ಸುಳಿವು ಕೊಡುತ್ತಿದ್ದರು. ಷಾ ಕೆರಳಿದರು. 1916ರ ಗದ್ಯ ಭಾಗ ಬಂದದ್ದು ಇಂಥ ಓದಿಗೆ ಉತ್ತರವಾಗಿ. ಲರ್ನರ್ ಆ ಗದ್ಯ ಓದಿಯೂ ಷಾ ಹೇಳಿದ್ದೇ ಸರಿ ಅಂತ ತನಗೆ ಖಾತ್ರಿಯಿಲ್ಲ ಎಂದು ಬರೆದರು. ಷಾ 1950ರಲ್ಲೇ ತೀರಿಕೊಂಡಿದ್ದರು.

ಹಾಗಾಗಿ ‘ಹಾಡಿನವರು ಷಾ ಅವರ ಕೊನೆ ಕೆಡಿಸಿದರು’ ಅನ್ನುವ ವಾಕ್ಯ ಬರೆಯಬೇಡಿ. ಬರೆಯಬೇಕಾದ ಪ್ರಶ್ನೆ ಬೇರೆ. ಅವಳು ಮರಳುವ ಮೊದಲು ಸಿನಿಮಾ ಅವಳಿಗೆ ‘ವಿದೌಟ್ ಯು’ ಕೊಟ್ಟಿದೆ. ನೀನಿಲ್ಲದೆಯೂ ಜಗತ್ತು ನಡೆಯುತ್ತದೆ ಅಂತ ಅವಳು ಹಾಡಿದ್ದಾಳೆ. ಅಷ್ಟು ಹಾಡಿದವಳು ಮರಳಿದರೆ ಅದು ಸೋಲಾ, ಆಯ್ಕೆಯಾ? ಹಳೆಯ ಉಚ್ಚಾರಣೆಯನ್ನು ಅವಳು ಬೇಕೆಂದೇ ಆಡುವುದರಿಂದ, ಈಗ ಎರಡೂ ಭಾಷೆ ಅವಳ ಕೈಯಲ್ಲಿದೆ ಅಂತ ಓದಬಹುದು. ಚಪ್ಪಲಿಯ ಮಾತು ಆ ಓದನ್ನು ಕಷ್ಟ ಮಾಡುತ್ತದೆ. ನಾನು ಷಾ ಪಕ್ಷ. ನೀವು ಯಾವ ಪಕ್ಷವಾದರೂ ದೃಶ್ಯದಿಂದಲೇ ಆಧಾರ ಕೊಡಿ.

ಹಂತ 9: ಬರೆಯುವ ಕ್ರಮ

ಪಟ್ಟಿಯನ್ನು ಪಕ್ಕಕ್ಕಿಡಿ. ಅದರಿಂದ ಮೂರೋ ನಾಲ್ಕೋ ಬದಲಾವಣೆ ಮಾತ್ರ ಆರಿಸಿ, ಒಂದಕ್ಕೊಂದು ಸಂಬಂಧ ಇರುವಂಥವು. ಉದಾಹರಣೆಗೆ: ಎಲೈಜಾಳ ಮೊದಲ ಹಾಡಿನಲ್ಲಿ ಆಸರೆಯ ಆಸೆ, ಪಾಠದ ರಾತ್ರಿಯ ಕುಣಿತ, ಕೊನೆಯ ಮರಳುವಿಕೆ. ಈ ಮೂರೂ ಒಂದೇ ದಾರಿಯಲ್ಲಿವೆ. ಕಥೆ ಹೇಳುವುದಕ್ಕೆ ಒಂದು ಪ್ಯಾರಾಗಿಂತ ಹೆಚ್ಚು ಬೇಡ. ನಾಟಕಕ್ಕೆ ಅರ್ಧ ಲೇಖನ, ಸಿನಿಮಾಕ್ಕೆ ಅರ್ಧ ಲೇಖನ ಅಂತ ಹಂಚಬೇಡಿ. ಪ್ರತಿ ಪ್ಯಾರಾದಲ್ಲೂ ಎರಡೂ ಇರಲಿ.

ದಾರಿ ತಪ್ಪಿದ ಗುರುತುಗಳು

‘ಮೂಲಕ್ಕೆ ನಿಷ್ಠೆ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತಿದ್ದರೆ ನೀವು ಅಂಕ ಹಾಕುತ್ತಿದ್ದೀರಿ, ಹೋಲಿಸುತ್ತಿಲ್ಲ. ಬಟ್ಟೆ, ಸೆಟ್, ಎಂಟು ಆಸ್ಕರ್‌ಗಳ ಬಗ್ಗೆಯೇ ಪುಟ ತುಂಬಿದ್ದರೆ ನಾಟಕ ಕೈಬಿಟ್ಟಿದೆ. ಹಾಡುಗಳ ಹೆಸರು ಇದ್ದು, ಹಾಡಿನ ಹಿಂದಿನ ಮಾತು ಒಂದೂ ಇಲ್ಲದಿದ್ದರೆ ಆರನೇ ಹಂತಕ್ಕೆ ಹಿಂದಿರುಗಿ. ಸಿನಿಮಾ ಗಳಿಸಿದ್ದು ಒಂದೂ ಕಾಣದಿದ್ದರೆ, ಅಥವಾ ಕಳೆದದ್ದು ಒಂದೂ ಕಾಣದಿದ್ದರೆ, ಇನ್ನೊಮ್ಮೆ ನೋಡಿ.

ಕನ್ನಡದಲ್ಲಿ ಇದೇ ಕೆಲಸ ಮಾಡುವವರಿಗೆ

ಗಿರೀಶ್ ಕಾರ್ನಾಡರ ‘ನಾಗಮಂಡಲ’ ನಾಟಕವನ್ನೂ ಟಿ. ಎಸ್. ನಾಗಾಭರಣ ಅವರ 1997ರ ಸಿನಿಮಾವನ್ನೂ ಇದೇ ಕ್ರಮದಲ್ಲಿ ಹೋಲಿಸಬಹುದು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಷಾ ಬರೆದದ್ದು ಬರೀ ಮಾತಿನ ನಾಟಕ. ಕಾರ್ನಾಡರ ನಾಟಕದಲ್ಲಿ ದೀಪದ ಜ್ವಾಲೆಗಳು ಮಾತಾಡುತ್ತವೆ, ಕಥೆಯೇ ಪಾತ್ರವಾಗಿ ಬರುತ್ತದೆ. ಆದ್ದರಿಂದ ಮೂರನೇ ಹಂತದಲ್ಲಿ ಮೂರನೇ ಬಣ್ಣದ ಪೆನ್ನು ಬೇಕು: ಕಥೆ ಹೇಳುವವರ ಮಾತಿಗೆ. ಸಿ. ಅಶ್ವಥ್ ಅವರ ಸಂಗೀತದ ಹಾಡುಗಳನ್ನು ಕೇಳುವಾಗ, ಆ ಮೂರನೇ ಬಣ್ಣದ ಕೆಲಸವನ್ನು ಸಿನಿಮಾದಲ್ಲಿ ಯಾವುದು ಮಾಡುತ್ತಿದೆ ಅಂತ ಮೊದಲು ಹುಡುಕಿ.